ಗಾಡಿಯ ಎಡಭಾಗದ ಖರ್ಚು

ನನ್ನ ಕಾರಿನ ಸಸ್ಪೆನ್ಶನ್ ಬದಲಿಸಲು ತಗುಲಿದ್ದು ಹದಿನೆಂಟು ಸಾವಿರದ ಐನೂರು ರೂಪಾಯಿ. ಅದರಲ್ಲಿ ಅರ್ಧವನ್ನು ನಾನು ಕೊಡಲಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಮನುಷ್ಯನಿಂದ ತೆಗೆದುಕೊಂಡೆ. ಹೇಗೆ ತೆಗೆದುಕೊಂಡೆ ಎಂಬುದನ್ನು ನನ್ನ ಹೆಂಡತಿಗೂ ಪೂರ್ತಿಯಾಗಿ ಹೇಳಿಲ್ಲ.

ನಾನು ಗಣಿತದ ಮಾಸ್ತರ. ಮನೆ ಬೆಟಗೇರಿಯಲ್ಲಿ. ಆಗ ಕಲಿಸುತ್ತಿದ್ದ ಶಾಲೆ ಮುಂಡರಗಿ ದಾಟಿ ಹಮ್ಮಿಗಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿತ್ತು. ಬಸ್ಸಿನಲ್ಲಿ ಹೋದರೆ ಮುಂಡರಗಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಾನೊಂದು ಸಣ್ಣ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಾಗ ಗದಗಿನಿಂದಲೇ ಓಡಾಡುತ್ತಿದ್ದ ಮೂವರು ಸಹೋದ್ಯೋಗಿಗಳು ಜೊತೆಯಾದರು. ಹಿಂದಿ ಕಲಿಸುವ ಮೇಡಂ, ವಿಜ್ಞಾನ ಕಲಿಸುವ ಮೇಡಂ, ಮತ್ತು ಡ್ರಾಯಿಂಗ್ ಸರ್. ಪೆಟ್ರೋಲಿನ ಖರ್ಚನ್ನು ತಾವು ಮೂವರೇ ಹಂಚಿಕೊಳ್ಳುತ್ತೇವೆ ಎಂದು ಮೊದಲು ಹೇಳಿದವರೇ ಡ್ರಾಯಿಂಗ್ ಸರ್. "ಗಾಡಿ ನಿಮ್ದು, ಓಡ್ಸೂ ತ್ರಾಸು ನಿಮ್ದು. ಎಣ್ಣಿ ಖರ್ಚರೆ ನಮಗ ಬಿಡ್ರಿ" ಎಂದು ಹಟ ಹಿಡಿದಿದ್ದರು. ಕಡೆಗೆ ನನ್ನದೂ ಸೇರಿ ನಾಲ್ಕು ಪಾಲು ಎಂದು ಒಪ್ಪಿಸಬೇಕಾಯಿತು.

ಡ್ರಾಯಿಂಗ್ ಸರ್ ದೊಡ್ಡ ಆಳು. ಎತ್ತರವೂ ಇದ್ದರು, ಅಗಲವೂ ಇದ್ದರು. ಹೆಣ್ಣುಮಕ್ಕಳಿಬ್ಬರು ಹಿಂದೆ ಕೂರುತ್ತಿದ್ದರು, ಅವರು ಮುಂದೆ ನನ್ನ ಎಡಕ್ಕೆ. ಅವರು ಹತ್ತಿದಾಗ ಗಾಡಿ ಒಂದು ಸಲ ವಾಲಿ ನಿಲ್ಲುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ಬಾಗಿಲ ಮೇಲಿನ ಹಿಡಿಕೆಗೆ ಕೈ ಹಾಕಿ ಮೈಯನ್ನು ಸ್ವಲ್ಪ ಮೇಲಕ್ಕೆತ್ತುತ್ತಿದ್ದರು, ಆ ಒಂದು ಗಳಿಗೆಗೆ ಗಾಡಿಯ ಮೇಲಿನ ತಮ್ಮ ಭಾರವನ್ನು ತಾವೇ ಹೊತ್ತುಕೊಂಡವರ ಹಾಗೆ. ನಾನು ಅದನ್ನು ಓರೆಗಣ್ಣಿನಲ್ಲಿ ನೋಡಿ ಒಳಗೊಳಗೇ ನಗುತ್ತಿದ್ದೆ.

ಒಂದು ಮಳೆಗಾಲ, ಹಿಂದಿ ಮೇಡಂ ಅವರ ತಂಗಿಯ ಹೊಸ ಮನೆಯ ವಾಸ್ತುಶಾಂತಿಗೆಂದು ನಾಲ್ವರೂ ಕುರ್ತಕೋಟಿಗೆ ಹೋಗಿದ್ದೆವು. ಬರುವಾಗ ಎದುರಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಗಾಡಿಯನ್ನು ಎರೆ ಮಣ್ಣಿಗೆ ಇಳಿಸಿದೆ. ಚಕ್ರ ಅರ್ಧ ಹೂತುಹೋಯಿತು. ಡ್ರಾಯಿಂಗ್ ಸರ್ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಗಾಡಿಯ ಹಿಂಭಾಗಕ್ಕೆ ಬೆನ್ನು ಕೊಟ್ಟು ನಿಂತರು. ಮೂರನೆಯ ನೂಕಿಗೆ ಗಾಡಿ ಮೇಲೆ ಬಂತು. ಅವರು ತೊಡೆಯ ತನಕ ಕೆಸರಾಗಿದ್ದರು. ಒಳಗೆ ಕೂರುವ ಮುಂಚೆ ಸೀಟಿನ ಮೇಲೆ ಹಳೆಯ ಪೇಪರು ಹಾಸಿದರು. ಗದಗ ಬರುವವರೆಗೂ ಅದು ಹರಿಯದಂತೆ ಅಲುಗಾಡದೆ ಕೂತಿದ್ದರು.

ಇಂಥ ಮನುಷ್ಯನ ಬಗ್ಗೆ ನನಗೇಕೆ ಸಣ್ಣ ಬುದ್ಧಿ ಬಂತು ಎಂದು ಕೇಳಿದರೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ನಮ್ಮ ಗಾಡಿ ಶಾಲೆಯ ಮುಂದೆ ನಿಂತರೆ ಮಕ್ಕಳು ಓಡಿ ಬರುತ್ತಿದ್ದದ್ದು ಎಡಗಡೆಯ ಬಾಗಿಲಿಗೆ. "ಸರ, ನಂದು ನೋಡ್ರಿ, ನಂದು ನೋಡ್ರಿ" ಎಂದು ಚಿತ್ರದ ಹಾಳೆಗಳನ್ನು ಕಿಟಕಿಯಿಂದಲೇ ಒಳಗೆ ತುರುಕುತ್ತಿದ್ದರು. ನನ್ನ ಬಾಗಿಲ ಹತ್ತಿರ ಯಾರೂ ಬರುತ್ತಿರಲಿಲ್ಲ. ಗಣಿತದ ಮಾಸ್ತರನ ಹತ್ತಿರ ಯಾರು ಬರುತ್ತಾರೆ, ಬಿಡಿ ಎಂದು ನಗುತ್ತಿದ್ದೆ. ಆದರೆ ಒಳಗೆ ಅದು ನಗುವ ಸಂಗತಿಯಾಗಿರಲಿಲ್ಲ.

ಎರಡನೆಯ ವರ್ಷ ಗಾಡಿಯ ಮುಂಭಾಗದಲ್ಲಿ ಕಟ್ ಕಟ್ ಎಂಬ ಸದ್ದು ಶುರುವಾಯಿತು. ಮೊದಲು ಹಂಪಿನಲ್ಲಿ ಮಾತ್ರ ಕೇಳುತ್ತಿತ್ತು. ಆಮೇಲೆ ಸಪಾಟು ರಸ್ತೆಯಲ್ಲೂ ಬಿಡದೆ ಕೇಳತೊಡಗಿತು. ಒಂದು ಶನಿವಾರ ಮಧ್ಯಾಹ್ನ ಗದಗಿನಲ್ಲಿ ನಾನು ಯಾವಾಗಲೂ ಹೋಗುವ ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ವಯಸ್ಸಾದವನು, ಮಾತು ಕಡಿಮೆ. ಗಾಡಿಯನ್ನು ಜಾಕಿನ ಮೇಲೆತ್ತಿ, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ನನ್ನನ್ನು ಕೆಳಗೆ ಬಾಗಿಸಿ ತೋರಿಸಿದ.

"ಎಡಕಿನ ಶಾಕಬ್ಸರ್ ನೋಡ್ರಿ ಸರ, ಎಣ್ಣಿ ಪೂರಾ ಸೋರಿ ಹೋಗೇತಿ. ಅದೊಂದ ಹಾಕಿದ್ರ ಗಾಡಿ ಒಂದ ಕಡಿ ಎಳೀತೈತಿ, ಜೋಡೀನ ಹಾಕಬೇಕು. ಚಕ್ರಾ ಹಿಡದಿರೂ ಕೆಳಗಿನ ಆರ್ಮ್ ಆಡಾಕ ಹತ್ತೈತಿ. ಒಳಗಿನ ರಬ್ಬರ್ ಬುಷ್ ಎಲ್ಲಾ ಹರದಾವು."

"ಎಷ್ಟಾಗತೈತಿ?"

"ಮಜೂರಿ, ಅಲೈನ್‌ಮೆಂಟ್ ಎಲ್ಲಾ ಹಿಡದು ಹದಿನೆಂಟೂವರಿ."

ಆ ಹಣ ನನ್ನಲ್ಲಿ ಇರಲಿಲ್ಲ ಎಂದೇನೂ ಅಲ್ಲ. ಪಗಾರ ಬಂದು ನಾಲ್ಕು ದಿನವಾಗಿತ್ತು. ಆದರೆ ಕಣ್ಣಿಗೆ ಕಾಣದ ಒಂದು ಭಾಗಕ್ಕೆ, ಹಾಕಿದ ಮೇಲೂ ಹೊರಗಿನಿಂದ ಗಾಡಿ ಹಾಗೆಯೇ ಕಾಣುವ ಭಾಗಕ್ಕೆ, ಇಷ್ಟೊಂದು ಸುರಿಯುವುದು ಹೊಟ್ಟೆ ಉರಿಸಿತು.

"ಎಡಕಿಂದ ಯಾಕ ಮೊದಲ ಹೋತು?" ಎಂದೆ.

"ಎಡಕ ಲೋಡ್ ಜಾಸ್ತಿ ಬೀಳಾಕತ್ತೈತ್ರಿ" ಎಂದು ಹೇಳಿ ಅವನು ಕೈ ಒರೆಸಿಕೊಳ್ಳುತ್ತ ಇನ್ನೊಂದು ಗಾಡಿಯ ಕಡೆ ಹೋದ.

ಯಾವ ಲೋಡು, ಎಂಥ ಲೋಡು ಎಂದು ನಾನು ಕೇಳಲಿಲ್ಲ. ನನಗೆ ಬೇಕಾದ ಉತ್ತರ ಸಿಕ್ಕಿಬಿಟ್ಟಿತ್ತು. ಭಾನುವಾರ ಸಂಜೆ ಗಾಡಿ ರೆಡಿಯಾಯಿತು. ಅದನ್ನು ತೆಗೆದುಕೊಂಡು ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ಎಡಗಡೆಯ ಸೀಟೇ ಇತ್ತು.

ಸೋಮವಾರ ಬೆಳಿಗ್ಗೆ ಎಲ್ಲರೂ ಹತ್ತಿದರು. ಗಾಡಿಯಲ್ಲಿ ಒಂದು ಚೂರೂ ಸದ್ದಿಲ್ಲ. ಡಂಬಳ ಸಮೀಪಿಸುವಾಗ ಡ್ರಾಯಿಂಗ್ ಸರ್ ಖುಷಿಯಿಂದ ಹೇಳಿದರು, "ಏನ್ರಿ ಸರ, ಗಾಡಿ ಹೂವಿನಂಗ ಹೊಂಟೈತಲ್ಲ!"

"ಹೂವಿನಂಗ ಹೋಗಾಕ ಹದಿನೆಂಟೂವರಿ ಸಾವಿರ ಹತ್ತೇತ್ರಿ" ಎಂದೆ.

"ಅಯ್ಯ ಶಿವನ, ಅಷ್ಟ್ಯಾಕ್ರಿ?" ಎಂದರು ಹಿಂದಿನಿಂದ ಹಿಂದಿ ಮೇಡಂ.

"ಎಡಗಡಿದು ಪೂರಾ ಕುಂತ ಬಿಟ್ಟಿತ್ರಿ ಮೇಡಂ. ಮಿಸ್ತ್ರಿ ನನ್ನ ಕೇಳ್ತಾನ, ಸರ, ಎಡಕಿನ ಸೀಟನ್ಯಾಗ ಆನಿ ಕುಂದ್ರಸ್ಕೊಂಡು ಅಡ್ಡಾಡ್ತೀರೇನು ಅಂತ."

ಮಿಸ್ತ್ರಿ ಹಾಗೆ ಕೇಳಿರಲಿಲ್ಲ. ಆನೆಯ ಮಾತನ್ನು ನಾನೇ ಕಟ್ಟಿದ್ದೆ. ಭಾನುವಾರ ರಾತ್ರಿ ಊಟ ಮಾಡುವಾಗ ಹೊಳೆದದ್ದನ್ನು ಬಾಯಲ್ಲೇ ಇಟ್ಟುಕೊಂಡು ಬಂದಿದ್ದೆ. ಹಿಂದೆ ಇಬ್ಬರೂ ಫಕ್ಕನೆ ನಕ್ಕರು. ಡ್ರಾಯಿಂಗ್ ಸರ್ ಸಹ ನಕ್ಕು, "ಆನಿ ಅಂದ್ರ ಗಣಪ್ಪ ಬಿಡ್ರಿ, ಶುಭ ಆತು" ಎಂದರು. ಮಾತು ಅಲ್ಲಿಗೇ ನಿಲ್ಲಬಹುದಿತ್ತು.

"ನಗೂದಲ್ರಿ ಸರ" ಎಂದೆ ನಾನು, ನಗುತ್ತಲೇ. "ನ್ಯಾಯ ನೋಡಿದ್ರ ಇದರಾಗ ಅರ್ಧಾ ನೀವ ಕೊಡಬೇಕು."

ಯಾರೂ ನಗಲಿಲ್ಲ. ನಾನೂ ಅದನ್ನು ತಮಾಷೆಗೆ ಹೇಳಿರಲಿಲ್ಲ. ತಮಾಷೆಯಂತೆ ಕೇಳಲಿ, ಕೆಲಸವೂ ಆಗಲಿ ಎಂದು ಹೇಳಿದ್ದೆ. ಡ್ರಾಯಿಂಗ್ ಸರ್ ಕಿಟಕಿಯ ಹೊರಗೆ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತ ಕೂತರು. ಶಾಲೆಯ ಮುಂದೆ ಇಳಿಯುವಾಗ ಅವರು ಬಾಗಿಲನ್ನು ಎಂದಿಗಿಂತ ಮೆಲ್ಲಗೆ ಹಾಕಿದರು.

ಮರುದಿನ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ ಒಂದು ಲಕೋಟೆ ಕೊಟ್ಟರು. ಅಂಗಡಿಯದಲ್ಲ, ಡ್ರಾಯಿಂಗ್ ಹಾಳೆಯನ್ನು ಅವರೇ ಅಂಚು ಕೂಡಿಸಿ ಮಡಚಿ ಮಾಡಿದ್ದು. "ಒಂಬತ್ತ ಸಾವಿರದ ಎರಡನೂರಾ ಐವತ್ತ ಐತ್ರಿ" ಎಂದರು.

"ಅಯ್ಯ, ಬ್ಯಾಡ್ರಿ ಸರ, ನಾ ಸುಮ್ನ ಚಾಷ್ಟಿ ಮಾಡಿದ್ನಿ" ಎಂದೆ. ಒಂದೇ ಸಲ ಹೇಳಿದೆ. ಹೇಳುವಷ್ಟರಲ್ಲಿ ನನ್ನ ಕೈ ಮುಂದೆ ಹೋಗಿತ್ತು.

"ಇರಲಿ ತಗೋರಿ. ಮತ್ತ ಇನ್ನೊಂದು ಮಾತು ಐತ್ರಿ. ನಾಳಿಯಿಂದ ನಾ ಬಸ್ಸಿನ್ಯಾಗ ಬರ್ತೀನಿ. ಡಾಕ್ಟರ್ ನಡದಾಡಂತ ಹೇಳ್ಯಾರ, ಸ್ಟ್ಯಾಂಡಿನ ತನಕ ನಡದಂಗೂ ಆಗತೈತಿ."

ನಾನು ತಲೆಯಾಡಿಸಿದೆ. ಬೇಡ, ನೀವು ಬರಲೇಬೇಕು ಎಂದು ಅನ್ನಲಿಲ್ಲ. ಒಳಗೆ ಎಲ್ಲೋ ಸಮಾಧಾನವೂ ಆಯಿತು. ಹೊಸ ಶಾಕಬ್ಸರ್ ಬಹಳ ದಿನ ಬಾಳುತ್ತದೆ ಎಂದುಕೊಂಡೆ. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಒಂದು ವಾರವಾಗಿರಬೇಕು, ದಾರಿಯಲ್ಲಿ ಮುಂಡರಗಿ ಬಸ್ಸಿನ ಹಿಂದೆಯೇ ಹೋಗುವಾಗ ಅವರು ಕಂಡರು. ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದರು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊಟದ ಚೀಲ. ಅವರ ಹಿಂದಿನಿಂದ ಕಾಲೇಜು ಹುಡುಗಿಯರ ದಂಡು ಒತ್ತುತ್ತಿತ್ತು. ಅವರು ನಮ್ಮ ಗಾಡಿಯನ್ನು ನೋಡಿದರು, ನಾವೂ ನೋಡಿದೆವು. ನನ್ನ ಪಕ್ಕದ ಸೀಟು ಖಾಲಿ ಇತ್ತು. ಅದರ ಮೇಲೆ ನನ್ನ ಬ್ಯಾಗು ಇಟ್ಟಿದ್ದೆ.

ಆ ತಿಂಗಳ ಕೊನೆಗೆ ಹಿಂದಿ ಮೇಡಂ ತಮ್ಮ ಪಾಲಿನ ಪೆಟ್ರೋಲ್ ಹಣ ಕೊಟ್ಟು, "ಮುಂದಿನ ತಿಂಗಳದಿಂದ ನಾನೂ ಬಸ್ಸಿಗೇ ಹೋಗ್ತೀನ್ರಿ ಸರ" ಎಂದರು.

"ಯಾಕ್ರಿ ಮೇಡಂ?"

"ಭಾರ ಅಂದ್ರ ನಾವೂ ಭಾರಾನ ಅಲ್ಲೇನ್ರಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ವಿಜ್ಞಾನದ ಮೇಡಂ ಕೂಡ ಅವರ ಜೊತೆಗೇ ಬಸ್ಸು ಹಿಡಿದರು. ನಾನೊಬ್ಬನೇ ಹೋಗಿ ಬರತೊಡಗಿದೆ. ನಾಲ್ಕು ಪಾಲಿನ ಪೆಟ್ರೋಲು ನನ್ನೊಬ್ಬನ ಪಾಲಿಗೇ ಬಿತ್ತು.

ಐದಾರು ತಿಂಗಳಾದ ಮೇಲೆ ಮತ್ತೆ ಅದೇ ಸದ್ದು. ಎಡಗಡೆಯಿಂದಲೇ. ಗ್ಯಾರೇಜಿಗೆ ಹೋದರೆ ಮಿಸ್ತ್ರಿ ಕೆಳಗೆ ಬಾಗಿ ನೋಡಿ, "ಬುಷ್ ಮತ್ತ ಹರದೈತ್ರಿ. ಶಾಕಬ್ಸರಿನ್ಯಾಗೂ ಎಣ್ಣಿ ಜಿನಗಾಕ ಹತ್ತೈತಿ" ಎಂದ.

ನನಗೆ ಸಿಟ್ಟು ಬಂತು. "ಹೆಂಗ ಸಾಧ್ಯ? ಈಗ ಎಡಕ ಯಾರೂ ಕುಂದ್ರೂದ ಇಲ್ಲ! ಡೂಪ್ಲಿಕೇಟ್ ಸಾಮಾನ ಹಾಕೀ ಏನು?"

ಅವನು ನನ್ನ ಮುಖ ನೋಡಿದ. "ಗಾಡಿ ನೀವ ಓಡಸ್ತೀರೇನ್ರಿ? ನಡೀರಿ, ಒಂದ ರೌಂಡ್ ಹೋಗಿ ಬರೂಣು" ಎಂದು ಕೈ ತೊಳೆದುಕೊಂಡು ಬಂದು ಎಡಗಡೆ ಕೂತ.

ಊರು ದಾಟಿ ಮುಂಡರಗಿ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಹೋಗಿರಬಹುದು. ಎದುರಿಗೆ ಉಸುಕಿನ ಲಾರಿ ಬಂತು. ನಾನು ಎಂದಿನಂತೆ ಗಾಡಿಯನ್ನು ಎಡಕ್ಕೆ ತೆಗೆದುಕೊಂಡೆ. ಡಾಂಬರಿನ ಅಂಚಿನಿಂದ ಎಡಗಡೆಯ ಚಕ್ರ ಕೆಳಗಿಳಿದು ಧಡ್ ಎಂದಿತು. ಲಾರಿ ಹೋದ ಮೇಲೆ ಮತ್ತೆ ಮೇಲೆ ಹತ್ತಿಸಿದೆ. ಇನ್ನೊಂದು ಸಲ ಧಡ್.

"ನಿಲ್ಲಸ್ರಿ" ಎಂದ ಮಿಸ್ತ್ರಿ. ಇಳಿದು ರಸ್ತೆಯ ಅಂಚನ್ನು ಕಾಲಿನಿಂದ ತೋರಿಸಿದ. ಡಾಂಬರಿಗೂ ಮಣ್ಣಿಗೂ ನಡುವೆ ಒಂದು ಗೇಣು ಇಳಿತ. "ದಿನಾ ಎಷ್ಟ ಸಲ ಹಿಂಗ ಇಳಸ್ತೀರಿ? ಸ್ಪೀಡ್ ಒಂದಿಷ್ಟರೆ ಕಡಿಮಿ ಮಾಡಬೇಕಿಲ್ರಿ? ಯಾವ ಶಾಕಬ್ಸರ್ ತಡೀತೈತಿ?"

"ನೀನ ಹೇಳಿದ್ದಿ ಅಲ್ಲ, ಎಡಕ ಲೋಡ್ ಬೀಳಾಕತ್ತೈತಿ ಅಂತ..."

"ಲೋಡ್ ಅಂದ್ರ ಈ ಹೊಡತಾರಿ. ಮನಷ್ಯಾರ ತೂಕಕ್ಕ ಏನಾಗತೈತಿ? ಐದ ಮಂದಿ ಕುಂದ್ರಲಿ ಅಂತಾನ ಮಾಡಿದ ಗಾಡಿ ಇದು."

ನಾನು ಸ್ಟೇರಿಂಗ್ ಹಿಡಿದುಕೊಂಡೇ ಕೂತೆ. ಕುರ್ತಕೋಟಿಯಲ್ಲಿ ಗಾಡಿಯನ್ನು ಕೆಸರಿಗೆ ಇಳಿಸಿದ್ದೂ ಇದೇ ಕೈ. ನಾನು ಹೀಗೆ ಇಳಿಸಿದಾಗಲೆಲ್ಲ ಪಕ್ಕದಲ್ಲಿದ್ದವರು ಒಂದು ದಿನವೂ, ಸಾವಕಾಶ ಹೋಗ್ರಿ ಎಂದು ಕೂಡ ಅಂದಿರಲಿಲ್ಲ.

ಆ ಭಾನುವಾರ ಹಣ ತೆಗೆದುಕೊಂಡು ಡ್ರಾಯಿಂಗ್ ಸರ್ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ. ಸರ್ ಕಾಯಿಪಲ್ಯ ತರಲು ಹೋಗಿದ್ದರು. "ಬರ್ರಿ ಅಣ್ಣಾರ, ಕುಂಡ್ರಿ, ಈಗ ಬರ್ತಾರ" ಎಂದು ಚಹಾ ತಂದಿಟ್ಟರು. ಆಮೇಲೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ತಡೆದು ತಡೆದು ಹೇಳಿದರು, "ಒಂದು ಮಾತು ಹೇಳಬೇಕಂತಿದ್ದೆ ಅಣ್ಣಾರ. ನಮ್ಮವರಿಂದ ನಿಮ್ಮ ಗಾಡಿ ಹಾಳಾತಂತ ನಮಗೂ ಭಾಳ ಕೆಟ್ಟ ಅನಿಸ್ತು. ನೀವು ಮನಸಿನ್ಯಾಗ ಇಟ್ಕೋಬ್ಯಾಡ್ರಿ. ಈಗ ಅವರೂ ಊಟ ಕಡಿಮಿ ಮಾಡ್ಯಾರ. ಒಂದೂವರಿ ರೊಟ್ಟಿಗೆ ಎದ್ದ ಬಿಡ್ತಾರ."

ಆಕೆ ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರು. ಚಹಾದ ಕಪ್ಪನ್ನು ಕೆಳಗಿಟ್ಟೆ. "ಇಲ್ರಿ ಅಕ್ಕಾರ, ಹಂಗೇನಿಲ್ಲ" ಎಂದಷ್ಟೇ ಅಂದೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನನಗೆ ಧೈರ್ಯ ಬರಲಿಲ್ಲ.

ಡ್ರಾಯಿಂಗ್ ಸರ್ ಬಂದರು. ಚೀಲವನ್ನು ಒಳಗೆ ಕೊಟ್ಟು ನನ್ನೆದುರು ಕೂತರು. ಆಕೆ ಒಳಗೆ ಹೋದ ಮೇಲೆ ನಾನು ಎಲ್ಲ ಹೇಳಿದೆ. ರಸ್ತೆಯ ಅಂಚಿನ ಮಾತು, ಮಿಸ್ತ್ರಿಯ ಮಾತು. ಹಣವನ್ನು ಟೀಪಾಯಿಯ ಮೇಲಿಟ್ಟೆ. "ಆನಿ ಅಂತ ಮಿಸ್ತ್ರಿ ಅಂದಿದ್ದಿಲ್ರಿ. ನಾನ ಹುಟ್ಟಿಸಿ ಹೇಳಿದ್ದು" ಎಂದೆ.

"ಗೊತ್ತಿತ್ರಿ" ಎಂದರು ಅವರು.

ನಾನು ತಲೆಯೆತ್ತಿದೆ.

"ಆ ಗ್ಯಾರೇಜಿನ ಬೋರ್ಡ್ ಬರದಾವ ನಾನ. ಮಿಸ್ತ್ರಿ ನನಗ ಇಪ್ಪತ್ತ ವರ್ಷದಿಂದ ಗೊತ್ತ. ಅಂಥಾ ಮಾತು ಅವನ ಬಾಯಾಗ ಬರೂದಿಲ್ಲ."

"ಮತ್ತ ರೊಕ್ಕ ಯಾಕ ಕೊಟ್ರಿ ಸರ?"

"ಕೊಡದ ಬಿಟ್ಟಿದ್ರ ದಿನಾ ಆ ಸೀಟನ್ಯಾಗ ಕುಂದ್ರೂ ಮುಂದ ನಿಮ್ಮ ಮಾತು ನೆನಪಾಗತಿತ್ತು. ಕೊಡದ ಬಸ್ಸಿಗೆ ಹೋಗಿದ್ರ, ರೊಕ್ಕಕ್ಕ ಅಂಜಿ ಬಿಟ್ಟ ಅಂತ ಅನಿಸ್ಕೋಬೇಕಿತ್ತು. ಕೊಟ್ಟ ಮ್ಯಾಲೆ ಬಿಡಾಕ ಹಗರ ಆತು."

ಹಣವನ್ನು ಅವರು ತೆಗೆದುಕೊಂಡರು. ಬೇಡ ಎನ್ನಲಿಲ್ಲ, ಅದು ನನಗೆ ಒಳ್ಳೆಯದೇ ಆಯಿತು. ನಾನು ಏಳುವಾಗ, "ಒಂದ ಕೆಲಸ ಮಾಡ್ರಿ ಸರ" ಎಂದರು. "ಆವತ್ತು ಆ ಮಾತು ಇಬ್ಬರು ಹೆಣ್ಣಮಕ್ಕಳ ಮುಂದ ಆಡಿದ್ರಿ. ಇದನ್ನೂ ಅವರ ಮುಂದ ಒಂದ ಸಲ ಹೇಳ್ರಿ. ಮತ್ತ ಈಗ ಹೋಗೂ ಮುಂದ ನಮ್ಮ ಮನ್ಯಾಕಿಗೂ ಹೇಳಿ ಹೋಗ್ರಿ. ಆಕಿ ನನಗ ರೊಟ್ಟಿ ಎಣಿಸಿ ಹಾಕಾಕತ್ಯಾಳ."

ಅಡುಗೆಮನೆಯ ಬಾಗಿಲಲ್ಲಿ ನಿಂತು ಆಕೆಗೆ ಹೇಳಿದೆ. ಆಕೆ ಸೆರಗಿನ ತುದಿ ಹಿಡಿದುಕೊಂಡು ಎಲ್ಲ ಕೇಳಿದರು. ಕೊನೆಗೆ ನನ್ನನ್ನು ಬಿಟ್ಟು ಗಂಡನ ಕಡೆ ತಿರುಗಿ, "ನೀವರೆ ನನಗ ಖರೆ ಹೇಳಬಾರದೇನ್ರಿ?" ಎಂದರು.

ಮೇಡಂಗಳಿಗೆ ಹೇಳುವುದನ್ನು ಮಾತ್ರ ಹನ್ನೊಂದು ದಿನ ಮುಂದೂಡಿದೆ. ಒಂದು ದಿನ ಪರೀಕ್ಷೆಯ ಪೇಪರ್ ಇತ್ತು, ಇನ್ನೊಂದು ದಿನ ಹೆಡ್‌ಮಾಸ್ತರರು ಅಲ್ಲೇ ಕೂತಿದ್ದರು, ಮತ್ತೊಂದು ದಿನ ನನಗೇ ತಲೆನೋವು. ಡ್ರಾಯಿಂಗ್ ಸರ್ ನೆನಪಿಸಲಿಲ್ಲ. ದಿನಾ ನಮಸ್ಕಾರಕ್ಕೆ ನಮಸ್ಕಾರ ಹೇಳಿ ತಮ್ಮ ಕುರ್ಚಿಗೆ ಹೋಗುತ್ತಿದ್ದರು. ಅದೇ ನನಗೆ ಸಹಿಸಲಾಗದೆ, ಕಡೆಗೊಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಬುತ್ತಿ ಬಿಚ್ಚುವಾಗ ಎದ್ದು ನಿಂತೆ. ಕ್ಲಾಸಿನಲ್ಲಿ ಒಂದು ಗಂಟೆ ತಡೆಯಿಲ್ಲದೆ ಮಾತಾಡುವ ನಾನು ಮೂರು ವಾಕ್ಯ ಹೇಳಲು ಬೆವತುಹೋದೆ. ಗಾಡಿ ಹಾಳಾದದ್ದು ನನ್ನ ಕೈಯಿಂದ. ಆನೆಯ ಮಾತು ನನ್ನದು. ಸರ್ ಹತ್ತಿರ ಹಣ ತೆಗೆದುಕೊಂಡದ್ದು ತಪ್ಪಾಯಿತು.

ವಿಜ್ಞಾನದ ಮೇಡಂ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ವಾಪಸ್ ಇಟ್ಟರು. ಹಿಂದಿ ಮೇಡಂ ನನ್ನ ಕಡೆ ನೋಡಲೇ ಇಲ್ಲ. "ಆವತ್ತು ನಾವೂ ನಕ್ಕಿದ್ವಲ್ರಿ ಸರ" ಎಂದು ಡ್ರಾಯಿಂಗ್ ಸರ್ ಕಡೆ ತಿರುಗಿ ಹೇಳಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು.

"ನಾನೂ ನಕ್ಕಿದ್ನೆಲ್ರಿ ಮೇಡಂ. ಉಣ್ರಿ, ಬೆಲ್ ಆಗತೈತಿ" ಎಂದರು ಡ್ರಾಯಿಂಗ್ ಸರ್. ತಮ್ಮ ಡಬ್ಬಿಯಿಂದ ಶೇಂಗಾ ಚಟ್ನಿ ತೆಗೆದು ಎಲ್ಲರಿಗೂ ಹಾಕಿದರು. ನನಗೂ ಹಾಕಿದರು.

ಅವರು ಮತ್ತೆ ನನ್ನ ಗಾಡಿಗೆ ಬರಲಿಲ್ಲ. ನಾನು ಎರಡು ಸಲ ಕೇಳಿದೆ. ಎರಡು ಸಲವೂ ನಗುತ್ತಲೇ ಬೇಡ ಎಂದರು. ಮರುವರ್ಷ ಅವರಿಗೆ ಲಕ್ಷ್ಮೇಶ್ವರದ ಕಡೆಯ ಶಾಲೆಗೆ ವರ್ಗವಾಯಿತು. ಬೀಳ್ಕೊಡುವ ದಿನ ಮಕ್ಕಳು ಅತ್ತರು. ಅವರು ಎಲ್ಲ ಮಾಸ್ತರರ ಬಗ್ಗೆಯೂ ಒಂದೊಂದು ಒಳ್ಳೆಯ ಮಾತು ಹೇಳಿದರು. ನನ್ನ ಸರದಿ ಬಂದಾಗ, "ಇವರ ಗಣಿತ ಪಾಠ ನಾ ಹೊರಗ ನಿಂತು ಕೇಳ್ತಿದ್ದೆ, ಭಾಳ ಛಲೋ ಹೇಳ್ತಾರ" ಎಂದರು. ಗಾಡಿಯ ಸುದ್ದಿ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು.

ಈ ಬೇಸಿಗೆಯಲ್ಲಿ ಶಿರಹಟ್ಟಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಬಜಾರದಲ್ಲಿ ಅವರು ಸಿಕ್ಕರು. ಎರಡೂ ಕೈಯಲ್ಲಿ ಚೀಲ. ನಾನೇ ಹೋಗಿ ಮಾತಾಡಿಸಿದೆ. ನೆರಳಲ್ಲಿ ನಿಂತು ಚಹಾ ಕುಡಿದೆವು. ಅವರ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತಂತೆ, ಹೊಸ ಶಾಲೆಯ ಗೋಡೆಗೆ ಹಕ್ಕಿಗಳ ಚಿತ್ರ ಬಿಡಿಸುತ್ತಿದ್ದರಂತೆ. ಚಹಾದ ದುಡ್ಡನ್ನು ನಾನು ಕೊಡುವ ಮೊದಲೇ ಅವರು ಕೊಟ್ಟರು.

"ಬಿಸಲ ಭಾಳ ಐತ್ರಿ ಸರ, ಮನಿ ತನಕ ಬಿಟ್ಟ ಬರ್ತೀನಿ. ಗಾಡಿ ಅಲ್ಲೇ ನಿಂತೈತಿ" ಎಂದೆ.

"ಇಲ್ಲೇ ಹತ್ತರ ಐತ್ರಿ ಮನಿ. ನೀವು ಹೋಗ್ರಿ, ಹೊತ್ತಾಗತೈತಿ" ಎಂದು ಚೀಲಗಳನ್ನು ಎತ್ತಿಕೊಂಡು ನಡೆದರು.

ನಾನು ಅಲ್ಲೇ ನಿಂತು ನೋಡಿದೆ. ಅವರು ಬಜಾರದ ರಸ್ತೆ ಮುಗಿಯುವ ತನಕ ಹೋದರು, ಒಂದು ಕಡೆ ಚೀಲ ಇಳಿಸಿ ಕೈ ಬದಲಿಸಿದರು, ಎಡಕ್ಕೆ ತಿರುಗಿ ಕಾಣದಾದರು. ಚಹಾದ ಅಂಗಡಿಯವನನ್ನು, ಸರ್ ಮನೆ ಎಲ್ಲಿ ಎಂದು ಕೇಳಿದೆ. "ಅವರ ಮನಿ ದೂರ ಐತ್ರಿ, ಊರ ಆ ಕಡಿ ತುದಿಗೆ" ಎಂದ.